ಉಸಿರಿನ ಕಾವಲು

ಜುಲೈ ತಿಂಗಳ ನಡುಭಾಗದಿಂದ ಆಗಸ್ಟ್ ತಿಂಗಳ ನಡುಭಾಗದವರೆಗಿನ ಕಾಲವನ್ನು ಕೊಡಗಿನ ಜನರು ಕಕ್ಕಡ ಮಾಸವೆಂದು ಕರೆಯುತ್ತಾರೆ. ಮಳೆಯ ಅಬ್ಬರಕ್ಕೆ ಹೆಸರಾದ ತಿಂಗಳಿದು. ಕಾವೇರಿ ಹುಟ್ಟುವ ಬ್ರಹ್ಮಗಿರಿಯ ತಪ್ಪಲಿನಲ್ಲಿ, ಭಾಗಮಂಡಲದ ಆಸುಪಾಸಿನಲ್ಲಿ, ವರ್ಷಕ್ಕೆ 5,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಬರುತ್ತದೆ. ದಿನಗಟ್ಟಲೆ ಸೂರ್ಯನ ಮುಖ ಕಾಣುವುದಿಲ್ಲ. ಬೆಟ್ಟದಿಂದ ಇಳಿದ ಮಂಜು ಅಂಗಳವನ್ನು ದಾಟಿ ಜಗಲಿಗೇ ಬಂದುಬಿಡುತ್ತದೆ. ಒಗೆದ ಬಟ್ಟೆ ವಾರವಾದರೂ ಒಣಗದು. ಚಪ್ಪಲಿಯ ಮೇಲೆ, ಪುಸ್ತಕದ ರಟ್ಟಿನ ಮೇಲೆ, ಗೋಡೆಯ ಮೂಲೆಗಳಲ್ಲಿ ಬೂಷ್ಟು ಮೂಡುತ್ತದೆ. ಹೊರಗಿನಿಂದ ಬಂದವರ ಕಣ್ಣಿಗೆ ಇದೆಲ್ಲ ಸೊಗಸು. ಆದರೆ ಕೆಲವು ಮನೆಗಳಲ್ಲಿ, ಕೆಲವು ಮಕ್ಕಳಿಗೆ, ಇದು ಉಸಿರಿನ ಪರೀಕ್ಷೆಯ ಕಾಲ.

ಅಂಥ ಒಂದು ರಾತ್ರಿ. ಭಾಗಮಂಡಲಕ್ಕೆ ಸಮೀಪದ ಹಳ್ಳಿಯೊಂದರ ಮನೆಯಲ್ಲಿ ಎಲ್ಲರೂ ಮಲಗಿದ್ದರು. ಎರಡು ಗಂಟೆಯ ಹೊತ್ತಿಗೆ ಹನ್ನೆರಡು ವರ್ಷದ ಹುಡುಗಿಯೊಬ್ಬಳು ತಟ್ಟನೆ ಎದ್ದು ಕುಳಿತಳು. ಎರಡು ಕೈಗಳನ್ನೂ ಹಾಸಿಗೆಯ ಮೇಲೆ ಊರಿ, ಭುಜಗಳನ್ನು ಎತ್ತಿ, ಮುಂದಕ್ಕೆ ಬಾಗಿ ಅವಳು ಉಸಿರಿಗಾಗಿ ಹೋರಾಡುತ್ತಿದ್ದಳು. ಪ್ರತಿ ಉಸಿರು ಹೊರಬರುವಾಗಲೂ ಎದೆಯೊಳಗಿಂದ ಒಡಕು ಕೊಳಲಿನಂತೆ ಸಿಳ್ಳು ಕೇಳಿಸುತ್ತಿತ್ತು. ತಾಯಿ ಬೆನ್ನು ನೀವಿದಳು. ಚಳಿ ತಾಕೀತೆಂದು ತಂದೆ ತೆರೆದಿದ್ದ ಒಂದೇ ಕಿಟಕಿಯನ್ನೂ ಮುಚ್ಚಿ, ಅಗ್ಗಿಷ್ಟಿಕೆಗೆ ಕೆಂಡ ತುಂಬಿ ಹಾಸಿಗೆಯ ಬಳಿ ತಂದಿಟ್ಟನು. ಅಜ್ಜಿ ದೇವರ ಮುಂದೆ ದೀಪ ಹಚ್ಚಿ, ಕೋಣೆಗೆಲ್ಲ ಸಾಂಬ್ರಾಣಿಯ ಹೊಗೆ ಹಾಕಿದಳು. ಮೂವರೂ ಮಾಡಿದ್ದು ಪ್ರೀತಿಯಿಂದಲೇ. ಆದರೆ ಕೋಣೆಯಲ್ಲಿ ಹೊಗೆ ತುಂಬಿದಷ್ಟೂ ಹುಡುಗಿಯ ಸಂಕಟ ಹೆಚ್ಚಿತು. ಬೆಳಕು ಹರಿದ ಮೇಲೆ ಜೀಪೊಂದನ್ನು ಗೊತ್ತುಮಾಡಿ ಅವಳನ್ನು ಮಡಿಕೇರಿಯ ಆಸ್ಪತ್ರೆಗೆ ಕರೆತಂದರು.

ಆಸ್ಪತ್ರೆಯಲ್ಲಿ ಮುಖಕ್ಕೆ ಮುಖವಾಡವಿಟ್ಟು ಔಷಧದ ಆವಿಯನ್ನು ಉಸಿರಾಡಿಸಿದರು. ಸ್ವಲ್ಪ ಹೊತ್ತಿನಲ್ಲಿ ಹುಡುಗಿ ಮಾತನಾಡುವಂತಾದಳು. ಆಗ ವೈದ್ಯರು ತಂದೆತಾಯಿಗಳನ್ನು ಕೂರಿಸಿಕೊಂಡು ಕೇಳತೊಡಗಿದರು: “ಅಡುಗೆಮನೆ ಎಲ್ಲಿದೆ? ಒದ್ದೆ ಬಟ್ಟೆಯನ್ನು ಎಲ್ಲಿ ಒಣಗಿಸುತ್ತೀರಿ? ಮಗು ಹೊದೆಯುವ ಕಂಬಳಿ ಬಿಸಿಲು ಕಂಡು ಎಷ್ಟು ದಿನವಾಯಿತು? ಮನೆಯಲ್ಲಿ ಬೀಡಿ ಸೇದುವವರು ಯಾರು?”

ತಂದೆಗೆ ಸೋಜಿಗವಾಯಿತು. “ಮದ್ದು ಕೇಳಲು ಬಂದರೆ ಮನೆಯ ಸುದ್ದಿ ಕೇಳುತ್ತೀರಲ್ಲ ಡಾಕ್ಟರೇ?” ಎಂದನು.

“ಈ ಕಾಯಿಲೆಗೆ ಅರ್ಧ ಮದ್ದು ನನ್ನ ಬಳಿ ಇದೆ. ಉಳಿದರ್ಧ ನಿಮ್ಮ ಮನೆಯಲ್ಲೇ ಇದೆ” ಎಂದರು ವೈದ್ಯರು.

ಆ ಉಳಿದರ್ಧ ಯಾವುದೆಂದು ತಿಳಿಯಬೇಕಾದರೆ, ಮೊದಲು ಉಸಿರಾಟದ ಬಗೆಯನ್ನು ಅರಿಯಬೇಕು. ಮನುಷ್ಯನು ಅನ್ನವಿಲ್ಲದೆ ಕೆಲವು ವಾರ, ನೀರಿಲ್ಲದೆ ಕೆಲವು ದಿನ ಬದುಕಬಲ್ಲನು. ಉಸಿರಿಲ್ಲದೆ ಕೆಲವು ನಿಮಿಷಗಳಿಗಿಂತ ಹೆಚ್ಚು ಬದುಕಲಾರನು. ಸುಮ್ಮನೆ ಕುಳಿತ ಆರೋಗ್ಯವಂತ ವಯಸ್ಕನು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾನೆ. ಎಂದರೆ ದಿನವೊಂದಕ್ಕೆ 17,000 ಸಲಕ್ಕೂ ಮಿಕ್ಕಿ! ಆದರೂ ಅದರ ನೆನಪೇ ನಮಗಿರುವುದಿಲ್ಲ. ನೆನಪಾಯಿತೆಂದರೆ ಎಲ್ಲಿಯೋ ತೊಡಕು ಬಂದಿದೆಯೆಂದೇ ಅರ್ಥ.

ಮೂಗಿನಿಂದ ಒಳಹೊಕ್ಕ ಗಾಳಿಯು ಗಂಟಲನ್ನು ದಾಟಿ ಶ್ವಾಸನಾಳವನ್ನು ಸೇರುತ್ತದೆ. ಶ್ವಾಸನಾಳ ಎರಡಾಗಿ ಒಡೆದು ಎರಡು ಶ್ವಾಸಕೋಶಗಳನ್ನು ಹೊಗುತ್ತದೆ. ಅಲ್ಲಿ ಅದು ಕವಲು ಕವಲಾಗಿ, ಕಿರುಗವಲಾಗಿ ಹರಡಿಕೊಂಡು, ಕೊನೆಗೆ ಕೋಟಿಗಟ್ಟಲೆ ಗಾಳಿಗೂಡುಗಳಲ್ಲಿ ಮುಗಿಯುತ್ತದೆ. ಕಾಫಿ ಗಿಡವೊಂದನ್ನು ತಲೆಕೆಳಗಾಗಿ ಹಿಡಿದರೆ ಹೇಗೋ ಹಾಗೆ: ಕಾಂಡವೇ ಶ್ವಾಸನಾಳ, ರೆಂಬೆಗಳೇ ಕವಲುನಾಳಗಳು, ಎಲೆಗಳೇ ಗಾಳಿಗೂಡುಗಳು. ರಕ್ತವು ಪ್ರಾಣವಾಯುವನ್ನು ಪಡೆಯುವುದು ಈ ಎಲೆಗಳಲ್ಲಿ. ರೆಂಬೆಗಳಲ್ಲಿ ದಾರಿ ಸುಗಮವಾಗಿದ್ದರೆ ಮಾತ್ರ ಗಾಳಿ ಎಲೆಗಳಿಗೆ ಮುಟ್ಟೀತು.

ಉಬ್ಬಸ, ದಮ್ಮು, ಗೂರಲು, ಅಸ್ತಮಾ ಎಂಬ ಹೆಸರುಗಳಿಂದ ಕರೆಯಲ್ಪಡುವ ರೋಗದಲ್ಲಿ ಕೆಡುವುದು ಈ ರೆಂಬೆಗಳ ದಾರಿಯೇ. ರೋಗಿಯ ಕವಲುನಾಳಗಳು ಸದಾ ಕೊಂಚ ಕೆರಳಿಯೇ ಇರುತ್ತವೆ. ಇತರರಿಗೆ ಏನೂ ಮಾಡದ ಧೂಳು, ಹೊಗೆ, ಥಂಡಿ ಅವುಗಳಿಗೆ ತಗುಲಿದೊಡನೆ ಮೂರು ಬದಲಾವಣೆಗಳಾಗುತ್ತವೆ. ನಾಳವನ್ನು ಸುತ್ತುವರಿದ ಸ್ನಾಯುಗಳು ಬಿಗಿಯುತ್ತವೆ. ನಾಳದ ಒಳಪೊರೆ ಊದಿಕೊಳ್ಳುತ್ತದೆ. ಅಂಟಂಟಾದ ಕಫ ತುಂಬಿಕೊಳ್ಳುತ್ತದೆ. ಹೀಗೆ ದಾರಿ ಮೂರು ಕಡೆಯಿಂದ ಕಿರಿದಾಗುತ್ತದೆ. ಉಸಿರನ್ನು ಎಳೆದುಕೊಳ್ಳುವಾಗ ಎದೆ ಹಿಗ್ಗುವುದರಿಂದ ನಾಳಗಳೂ ತುಸು ಅಗಲವಾಗುತ್ತವೆ. ಬಿಡುವಾಗ ಮತ್ತೆ ಕಿರಿದಾಗುತ್ತವೆ. ಆದುದರಿಂದಲೇ ಉಬ್ಬಸದ ರೋಗಿಗೆ ಉಸಿರನ್ನು ಎಳೆಯುವುದಕ್ಕಿಂತ ಬಿಡುವುದು ಕಷ್ಟ. ಕಿರಿದಾದ ದಾರಿಯಲ್ಲಿ ನುಸುಳುವ ಗಾಳಿಯ ಸದ್ದೇ ಆ ಸಿಳ್ಳು.

ಈ ರೋಗ ಇಂದು ನಿನ್ನೆಯದಲ್ಲ. ಅಸ್ತಮಾ ಎಂಬ ಮಾತು ಗ್ರೀಕ್ ಭಾಷೆಯದು. ಏದುಸಿರು ಎಂದು ಅದರ ಅರ್ಥ. ನಮ್ಮ ದೇಶದ ಚರಕಸಂಹಿತೆಯಲ್ಲಿ ಐದು ಬಗೆಯ ಶ್ವಾಸರೋಗಗಳ ವರ್ಣನೆಯಿದೆ. ಅವುಗಳಲ್ಲಿ ತಮಕಶ್ವಾಸವೆಂಬುದರ ಲಕ್ಷಣಗಳು ಉಬ್ಬಸವನ್ನೇ ಹೋಲುತ್ತವೆ. ರೋಗಿಗೆ ಮಲಗಿದರೆ ಸಂಕಟ, ಕುಳಿತರೆ ನೆಮ್ಮದಿ; ಅವನು ಬೆಚ್ಚನೆಯದನ್ನು ಬಯಸುತ್ತಾನೆ; ಮೋಡ, ಮಳೆ, ಚಳಿಗಳಿಂದ ರೋಗ ಉಲ್ಬಣಿಸುತ್ತದೆ ಎಂದು ಆ ಗ್ರಂಥ ತಿಳಿಸುತ್ತದೆ. ಕಕ್ಕಡದ ಆ ರಾತ್ರಿಯ ಹುಡುಗಿಯನ್ನು ಕಂಡೇ ಬರೆದಂತಿದೆ ಈ ವಿವರ! ಉಬ್ಬಸ ಒಬ್ಬರಿಂದೊಬ್ಬರಿಗೆ ಅಂಟುವ ರೋಗವಲ್ಲ. ಯಾರ ಶಾಪವೂ ಅಲ್ಲ, ಪಾಪದ ಫಲವೂ ಅಲ್ಲ. ರೋಗದ ಒಲವು ಕೆಲವು ಮನೆತನಗಳಲ್ಲಿ ಹೆಚ್ಚಾಗಿ ಕಂಡುಬರುತ್ತದೆ; ಅದನ್ನು ಕೆರಳಿಸುವುದು ಸುತ್ತಲಿನ ಗಾಳಿ.

ಗಾಳಿ ಕೆಟ್ಟರೆ ಏನಾದೀತೆಂಬುದಕ್ಕೆ ಬೆಂಗಳೂರಿನ ಒಂದು ಉದಾಹರಣೆಯಿದೆ. ಮಕ್ಕಳ ಶ್ವಾಸರೋಗಗಳ ತಜ್ಞರಾದ ಡಾ. ಎಚ್. ಪರಮೇಶ್ ಅವರು ಆ ನಗರದಲ್ಲಿ ಆಸ್ಪತ್ರೆಗೆ ಬಂದ ಹದಿನೆಂಟು ವರ್ಷದೊಳಗಿನ 20,000 ಮಕ್ಕಳನ್ನು ಕುರಿತು ಅಧ್ಯಯನ ನಡೆಸಿದರು. ಹಾಗೆ ಬಂದ ಮಕ್ಕಳಲ್ಲಿ ಉಬ್ಬಸವುಳ್ಳವರು 1979ರಲ್ಲಿ ನೂರಕ್ಕೆ 9 ಇದ್ದರೆ, 1999ರಲ್ಲಿ ನೂರಕ್ಕೆ 29.5 ಆಗಿದ್ದರು. ವಾಹನಗಳು ಹೆಚ್ಚಿ, ನಗರ ಬೆಳೆದು, ಗಾಳಿ ಮಲಿನವಾದ ಇಪ್ಪತ್ತು ವರ್ಷಗಳವು. ಕೊಡಗಿನ ಹಳ್ಳಿಗಳಲ್ಲಿ ಅಂಥ ವಾಹನಸಂದಣಿ ಇಲ್ಲ. ಹೊರಗಿನ ಗಾಳಿ ನಿರ್ಮಲವಾಗಿಯೇ ಇರುತ್ತದೆ. ಆದರೆ ಮಳೆಗಾಲದಲ್ಲಿ ಮಕ್ಕಳು ಹೆಚ್ಚು ಹೊತ್ತು ಉಸಿರಾಡುವುದು ಹೊರಗಿನ ಗಾಳಿಯನ್ನಲ್ಲ, ಮುಚ್ಚಿದ ಮನೆಯ ಒಳಗಿನ ಗಾಳಿಯನ್ನು.

ಆ ಒಳಗಾಳಿಯ ಮೊದಲ ಶತ್ರು ಹೊಗೆ. ಮಲೆನಾಡಿನ ಮನೆಗಳಲ್ಲಿ ಒಲೆಯೆಂದರೆ ಅಡುಗೆಯ ಸಾಧನ ಮಾತ್ರವಲ್ಲ. ಚಳಿ ಕಾಯಿಸುವುದು, ಬಟ್ಟೆ ಒಣಗಿಸುವುದು, ಮಾಂಸ ಮೀನುಗಳನ್ನು ಕೆಡದಂತೆ ಹೊಗೆಗೆ ಇಡುವುದು ಎಲ್ಲವೂ ಅದರ ಸುತ್ತಲೇ. ಹಸಿ ಸೌದೆ ಉರಿಯುವುದಕ್ಕಿಂತ ಹೊಗೆಯುವುದೇ ಹೆಚ್ಚು. ಕಾಫಿ ತೋಟಗಳ ಲೈನ್ ಮನೆಗಳಲ್ಲಿ ಒಂದೇ ಕೋಣೆಯಲ್ಲಿ ಒಲೆಯೂ ಹಾಸಿಗೆಯೂ ಇರುವುದುಂಟು. ಅನಿಲದ ಒಲೆ ಇದ್ದರೆ ಒಳ್ಳೆಯದು. ಇಲ್ಲದಿದ್ದಲ್ಲಿ ಸೌದೆಯನ್ನು ಬೇಸಿಗೆಯಲ್ಲೇ ಒಣಗಿಸಿಡುವುದು, ಒಲೆಗೆ ಹೊಗೆಕೊಳವೆ ಇಡಿಸುವುದು, ಅಡುಗೆಯಾಗುವಾಗ ಮಗುವನ್ನು ಬೇರೆಡೆ ಮಲಗಿಸುವುದು ಸಾಧ್ಯ. ಸೊಳ್ಳೆಬತ್ತಿ, ಊದುಬತ್ತಿ, ಸಾಂಬ್ರಾಣಿಗಳ ಹೊಗೆಯೂ ಹೊಗೆಯೇ. ಸೊಳ್ಳೆಗೆ ಪರದೆ ಸಾಕು. ದೇವರಿಗೆ ದೀಪ ಸಾಕು. ಬೀಡಿ ಸಿಗರೇಟುಗಳಂತೂ ಆ ಮನೆಯ ಹೊಸ್ತಿಲೊಳಗೆ ಬರಲೇಬಾರದು.

ಎರಡನೆಯದು ಬೂಷ್ಟು. ಇದರ ಕಣ್ಣಿಗೆ ಕಾಣದ ಬೀಜಾಣುಗಳು ಗಾಳಿಯಲ್ಲಿ ತೇಲಿ ಎದೆಯನ್ನು ಸೇರುತ್ತವೆ. ಬೂಷ್ಟಿಗೆ ಬೇಕಾದುದು ತೇವ. ಒಡೆದ ಹೆಂಚಿನಿಂದ ಸೋರುವ ನೀರು, ಗೋಡೆಗೆ ಒತ್ತಿಟ್ಟ ಕಪಾಟು, ಕೋಣೆಯೊಳಗೆ ನೇತುಹಾಕಿದ ಒದ್ದೆ ಬಟ್ಟೆ, ಇವೆಲ್ಲ ಅದಕ್ಕೆ ನೆಲೆ ಕೊಡುತ್ತವೆ. ಮಳೆಗೆ ಮೊದಲೇ ಹೆಂಚು ಸರಿಪಡಿಸಬೇಕು. ಕಪಾಟನ್ನು ಗೋಡೆಯಿಂದ ಒಂದು ಗೇಣು ದೂರವಿಡಬೇಕು. ಮಳೆ ಹೊಳವಾದಾಗಲೆಲ್ಲ ಕಿಟಕಿ ತೆರೆದು ಗಾಳಿಯಾಡಿಸಬೇಕು. ಗೋಡೆಯ ಬೂಷ್ಟನ್ನು ದೊಡ್ಡವರು ಸಾಬೂನಿನ ನೀರಿನಿಂದ ಒರೆಸಿ ಒಣಗಿಸಬೇಕು. ಆ ಹೊತ್ತಿನಲ್ಲಿ ಮಗು ಅಲ್ಲಿರಬಾರದು.

ಮೂರನೆಯ ಶತ್ರು ಹಾಸಿಗೆಯಲ್ಲೇ ಇದೆ. ಅದು ಧೂಳಿನ ನುಸಿ. ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟು ಉದ್ದದ ಈ ಜೀವಿ ನಮ್ಮ ಚರ್ಮದಿಂದ ಉದುರುವ ಹೊಟ್ಟನ್ನು ತಿಂದು ಬದುಕುತ್ತದೆ. ನೀರು ಕುಡಿಯಲು ಅದಕ್ಕೆ ಬಾಯಿ ಬೇಕಿಲ್ಲ. ತೇವದ ಗಾಳಿಯಿಂದಲೇ ನೀರನ್ನು ಹೀರಿಕೊಳ್ಳುತ್ತದೆ. ಹೀಗಾಗಿ ಒದ್ದೆ ಹವೆಯ ನಾಡು ಅದಕ್ಕೆ ಸ್ವರ್ಗ. ಅದರ ಹಿಕ್ಕೆಯ ಕಣಗಳೇ ಅನೇಕ ಮಕ್ಕಳ ಉಬ್ಬಸವನ್ನು ಕೆರಳಿಸುತ್ತವೆ. ಹೊದಿಕೆ, ದಿಂಬಿನ ಚೀಲಗಳನ್ನು ವಾರಕ್ಕೊಮ್ಮೆ ಚೆನ್ನಾಗಿ ಕಾದ ನೀರಿನಲ್ಲಿ ಒಗೆದು, ಬಿಸಿಲು ಬಂದಾಗಲೆಲ್ಲ ಒಣಹಾಕಿದರೆ ನುಸಿ ಕಡಿಮೆಯಾಗುತ್ತದೆ. ನೆಲವನ್ನು ಒಣ ಪೊರಕೆಯಿಂದ ಗುಡಿಸಿ ಧೂಳೆಬ್ಬಿಸುವ ಬದಲು ಒದ್ದೆ ಬಟ್ಟೆಯಿಂದ ಒರೆಸುವುದು ಲೇಸು.

ಇನ್ನೂ ಕೆಲವು ಕಾರಣಗಳುಂಟು. ನೆಗಡಿ ಜ್ವರಗಳು ಮಕ್ಕಳ ಉಬ್ಬಸವನ್ನು ಕೆರಳಿಸುವುದರಲ್ಲಿ ಬಹು ಮುಖ್ಯ. ಬೆಕ್ಕು ನಾಯಿಗಳ ಮೈಹೊಟ್ಟು, ಜಿರಲೆ, ಕಾಫಿ ಕಣದ ಧೂಳು, ಥಂಡಿ ಗಾಳಿಯಲ್ಲಿನ ಓಟ, ಜೋರಾದ ಅಳು ನಗುಗಳು ಸಹ ಕೆಲವರಿಗೆ ಆಗದು. ಒಬ್ಬರಿಗೆ ಆಗದ್ದು ಇನ್ನೊಬ್ಬರಿಗೆ ಆದೀತು. ಆದುದರಿಂದ ಮಗುವಿಗೆ ಕೆಮ್ಮು ಯಾವಾಗ ಬಂದಿತು, ಅದಕ್ಕೆ ಮುಂಚೆ ಏನು ನಡೆದಿತ್ತು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು ಒಳ್ಳೆಯ ಪದ್ಧತಿ. ತಿಂಗಳೆರಡು ತಿಂಗಳಲ್ಲಿ ಆ ಪುಸ್ತಕವೇ ಶತ್ರುವಿನ ಗುರುತು ಹೇಳುತ್ತದೆ. ಪರಿಶೀಲಿಸದೆ, ಬಾಳೆಹಣ್ಣು ಬೇಡ, ಮೊಸರು ಬೇಡ ಎಂದು ಬೆಳೆಯುವ ಮಗುವಿನ ಊಟವನ್ನು ಕಡಿತಗೊಳಿಸುವುದು ಸರಿಯಲ್ಲ.

ಇನ್ನು ವೈದ್ಯರ ಬಳಿಯಿರುವ ಅರ್ಧ ಮದ್ದಿನ ಮಾತು. ಆ ದಿನ ಹುಡುಗಿಯ ಕೈಗೆ ವೈದ್ಯರು ಎರಡು ಇನ್ಹೇಲರುಗಳನ್ನು ಕೊಟ್ಟರು. ಅದನ್ನು ಕಂಡೊಡನೆ ಅಜ್ಜಿಯ ಮುಖ ಬಾಡಿತು. “ಪಂಪು ಹಿಡಿದವರು ಬಿಟ್ಟುದುಂಟೇ? ಹೆಣ್ಣುಮಗು ಬೇರೆ. ನಾಲ್ಕು ಜನ ಕಂಡರೆ ಏನೆಂದಾರು?” ಎಂದಳು. ಈ ಮಾತು ಅವಳೊಬ್ಬಳದಲ್ಲ. ನಾಡಿನ ಸಾವಿರಾರು ಮನೆಗಳದು.

ಇನ್ಹೇಲರ್ ಹುಟ್ಟಿದುದೇ ಒಬ್ಬ ಹುಡುಗಿಯ ಪ್ರಶ್ನೆಯಿಂದ. ಅಮೆರಿಕದ ಕ್ಯಾಲಿಫೋರ್ನಿಯದ ರೈಕರ್ ಎಂಬ ಔಷಧ ಸಂಸ್ಥೆಗೆ ಜಾರ್ಜ್ ಮೈಸನ್ ಎಂಬವರು ಅಧ್ಯಕ್ಷರಾಗಿದ್ದರು. ಅವರ ಹದಿಮೂರು ವರ್ಷದ ಮಗಳಿಗೆ ಉಬ್ಬಸವಿತ್ತು. ರಬ್ಬರಿನ ಬುರುಡೆಯನ್ನು ಹಿಸುಕಿ ಔಷಧವನ್ನು ಸಿಂಪಡಿಸಿಕೊಳ್ಳುವ ಗಾಜಿನ ಉಪಕರಣವನ್ನು ಅವಳು ಬಳಸಬೇಕಾಗಿತ್ತು. ಅದು ಸುಲಭವಾಗಿ ಒಡೆಯುತ್ತಿತ್ತು. ಎಷ್ಟು ಔಷಧ ಒಳಹೋಯಿತೆಂಬ ಲೆಕ್ಕವೂ ಸಿಗುತ್ತಿರಲಿಲ್ಲ. ತಲೆಗೂದಲಿಗೆ ಸಿಂಪಡಿಸುವ ದ್ರವ ಡಬ್ಬಿಯಲ್ಲಿ ಸಿಗುವಾಗ ತನ್ನ ಮದ್ದೇಕೆ ಹಾಗೆ ಸಿಗಬಾರದು ಎಂದು 1955ರಲ್ಲಿ ಅವಳು ತಂದೆಯನ್ನು ಕೇಳಿದಳು. ತಂದೆ ಆ ಪ್ರಶ್ನೆಯನ್ನು ತನ್ನ ಪ್ರಯೋಗಾಲಯಕ್ಕೆ ಒಯ್ದನು. ಮರುವರ್ಷ, 1956ರಲ್ಲಿ, ಒತ್ತಿದಾಗಲೆಲ್ಲ ಒಂದೇ ಅಳತೆಯ ಔಷಧವನ್ನು ಹೊರಬಿಡುವ ಪುಟ್ಟ ಡಬ್ಬಿ ಮಾರುಕಟ್ಟೆಗೆ ಬಂದಿತು.

ಇನ್ಹೇಲರಿನ ಹಿರಿಮೆ ಇರುವುದು ಅದರ ಮಿತವ್ಯಯದಲ್ಲಿ. ನುಂಗಿದ ಮಾತ್ರೆ ಹೊಟ್ಟೆಗೆ ಹೋಗಿ, ರಕ್ತದಲ್ಲಿ ಬೆರೆತು, ಮೈಯೆಲ್ಲ ಸುತ್ತಿ ಶ್ವಾಸಕೋಶವನ್ನು ತಲುಪಬೇಕು. ಇನ್ಹೇಲರಿನ ಔಷಧ ನೇರವಾಗಿ ಎದೆಗೇ ಹೋಗುತ್ತದೆ. ಸಾಲ್ಬುಟಮಾಲ್ ಎಂಬ ಔಷಧದ ಒಂದು ಮಾತ್ರೆಯಲ್ಲಿ 2 ಮಿಲಿಗ್ರಾಂ ಇದ್ದರೆ, ಇನ್ಹೇಲರನ್ನು ಒಮ್ಮೆ ಒತ್ತಿದಾಗ ಬರುವುದು 100 ಮೈಕ್ರೋಗ್ರಾಂ. ಅದು ಮಾತ್ರೆಯ ಇಪ್ಪತ್ತನೆಯ ಒಂದು ಪಾಲು. ಕೆಲಸ ಬೇಗ, ಔಷಧ ಕಡಿಮೆ. ಹೀಗಿರುವಾಗ ಇದನ್ನು ಕೊನೆಯ ಮದ್ದೆಂದೂ, ಚಟ ಹಿಡಿಸುವ ಮದ್ದೆಂದೂ ಅಂಜುವುದು ಅಜ್ಞಾನ.

ಆದರೆ ಎರಡು ಇನ್ಹೇಲರುಗಳ ಭೇದವನ್ನು ಮರೆಯಬಾರದು. ಒಂದು ಶಮನದ ಔಷಧ. ಅದು ಬಿಗಿದ ಸ್ನಾಯುಗಳನ್ನು ಕೆಲವು ನಿಮಿಷಗಳಲ್ಲಿ ಸಡಿಲಿಸುತ್ತದೆ. ಸಾಲ್ಬುಟಮಾಲ್ ಈ ವರ್ಗದ್ದು. ಇನ್ನೊಂದು ತಡೆಯ ಔಷಧ. ಬುಡೆಸೊನೈಡ್ ಮೊದಲಾದ ಸ್ಟೀರಾಯ್ಡುಗಳು ಈ ವರ್ಗಕ್ಕೆ ಸೇರಿದವು. ಇವು ಒಳಪೊರೆಯ ಊತವನ್ನು ನಿಧಾನವಾಗಿ ಇಳಿಸಿ, ನಾಳಗಳು ಕೆರಳದಂತೆ ಕಾಯುತ್ತವೆ. ಇವುಗಳ ಗುಣ ಕಾಣಲು ದಿನಗಳು, ವಾರಗಳು ಬೇಕು. ಬೆಂಕಿ ಬಿದ್ದಾಗ ನೀರು ಹೊಯ್ಯುವುದು ಶಮನ. ಬೆಂಕಿ ಬೀಳದಂತೆ ನೋಡಿಕೊಳ್ಳುವುದು ತಡೆ. ಉಸಿರು ಸರಾಗವಾಯಿತೆಂದು ತಡೆಯ ಔಷಧವನ್ನು ತಾವಾಗಿ ನಿಲ್ಲಿಸುವುದೇ ಹೆಚ್ಚಿನವರು ಮಾಡುವ ತಪ್ಪು. ಉಸಿರು ಸರಾಗವಾದುದು ಆ ಔಷಧದಿಂದಲೇ ಎಂಬುದು ಅವರಿಗೆ ಹೊಳೆಯುವುದಿಲ್ಲ. ಶಮನದ ಔಷಧವೊಂದನ್ನೇ ನೆಚ್ಚಿಕೊಂಡಿರಬಾರದೆಂದು 2019ರಿಂದ ಅಂತರರಾಷ್ಟ್ರೀಯ ತಜ್ಞರೂ ಸ್ಪಷ್ಟವಾಗಿ ಹೇಳಿದ್ದಾರೆ. ಸ್ಟೀರಾಯ್ಡ್ ಎಂಬ ಹೆಸರಿಗೆ ಬೆಚ್ಚಬೇಕಾಗಿಲ್ಲ. ಉಸಿರಿನೊಡನೆ ಹೋಗುವ ಪ್ರಮಾಣ ಬಹಳ ಸ್ವಲ್ಪ. ವೈದ್ಯರು ಆಗಾಗ ಮಗುವಿನ ಎತ್ತರವನ್ನು ಅಳೆದು, ಸಾಕಾಗುವಷ್ಟೇ ಕಡಿಮೆ ಪ್ರಮಾಣವನ್ನು ಗೊತ್ತುಮಾಡುತ್ತಾರೆ. ಔಷಧ ತೆಗೆದುಕೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗುಳಿದರೆ ಬಾಯಿಹುಣ್ಣು ಬಾರದು.

ಇನ್ಹೇಲರಿಗೆ ಸ್ಪೇಸರ್ ಎಂಬ ಪೊಳ್ಳು ಕೊಳವೆಯನ್ನು ಜೋಡಿಸಿದರೆ ಮಕ್ಕಳಿಗೆ ಅನುಕೂಲ. ಇನ್ಹೇಲರನ್ನು ಚೆನ್ನಾಗಿ ಕುಲುಕಿ, ಕೊಳವೆಗೆ ಸಿಕ್ಕಿಸಿ, ಒಮ್ಮೆ ಒತ್ತಿ, ಅದರ ಬಾಯಿಂದ ನಿಧಾನವಾಗಿ ನಾಲ್ಕೈದು ಸಲ ಉಸಿರಾಡಬೇಕು. ಎರಡನೆಯ ಸಲ ಬೇಕಾದರೆ ಮತ್ತೆ ಮೊದಲಿನಿಂದ ಹಾಗೆಯೇ. ಇದಕ್ಕೆ ವಿದ್ಯುತ್ತು ಬೇಡ. ಗಾಳಿಮಳೆಗೆ ಮರ ಬಿದ್ದು ದಿನಗಟ್ಟಲೆ ದೀಪವಿಲ್ಲದಾಗುವ ಊರುಗಳಿಗೆ ಇದು ದೊಡ್ಡ ವರ. ದಕ್ಷಿಣ ಆಫ್ರಿಕದ ಕೇಪ್‌ಟೌನಿನ ವೈದ್ಯರು ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿಯ ತಳಕ್ಕೆ ಇನ್ಹೇಲರನ್ನು ಬಿಗಿಯಾಗಿ ಕೂರಿಸಿ ಸ್ಪೇಸರಿನಂತೆ ಬಳಸಿದರು. ಅಂಗಡಿಯ ಸ್ಪೇಸರಿನಷ್ಟೇ ಚೆನ್ನಾಗಿ ಅದೂ ಮಕ್ಕಳಿಗೆ ನೆರವಾಯಿತೆಂದು 1999ರಲ್ಲಿ ಪ್ರಕಟಿಸಿದರು. ಬಡವರ ಉಸಿರಿಗೂ ಬುದ್ಧಿವಂತಿಕೆ ದಾರಿ ಮಾಡಿಕೊಟ್ಟ ಬಗೆಯಿದು.

ಇಷ್ಟಾದರೂ ಒಮ್ಮೊಮ್ಮೆ ಉಬ್ಬಸ ಏರಬಹುದು. ಆಗ ಮನೆಯವರ ಮೊದಲ ಕರ್ತವ್ಯ ಗಾಬರಿಗೊಳ್ಳದಿರುವುದು. ದೊಡ್ಡವರ ಗಾಬರಿ ಮಗುವಿನ ಉಸಿರನ್ನು ಇನ್ನಷ್ಟು ಕೆಡಿಸುತ್ತದೆ. ಮಗುವನ್ನು ಮಲಗಿಸದೆ ನೆಟ್ಟಗೆ ಕೂರಿಸಬೇಕು. ಬಿಗಿಯಾದ ಬಟ್ಟೆಯನ್ನು ಸಡಿಲಿಸಬೇಕು. ಹೊಗೆಯಿಂದ ದೂರ ಒಯ್ಯಬೇಕು. ವೈದ್ಯರು ಮೊದಲೇ ಬರೆದುಕೊಟ್ಟಿರುವಂತೆ ಶಮನದ ಔಷಧವನ್ನು ಸ್ಪೇಸರಿನ ಮೂಲಕ ಒಂದೊಂದೇ ಸಲ ಕೊಡಬೇಕು. ಅದರಿಂದ ನೆಮ್ಮದಿ ಸಿಗದಿದ್ದರೆ, ಅಥವಾ ನಾಲ್ಕು ಗಂಟೆಯೊಳಗೆ ಮತ್ತೆ ಬೇಕೆನಿಸಿದರೆ, ವೈದ್ಯರನ್ನು ಕಾಣಲೇಬೇಕು.

ಕೆಲವು ಅಪಾಯದ ಗುರುತುಗಳನ್ನು ಮನೆಯ ಪ್ರತಿಯೊಬ್ಬರೂ ಕಂಠಪಾಠ ಮಾಡಿರಬೇಕು. ಮಗು ಒಂದು ವಾಕ್ಯವನ್ನೂ ಪೂರ್ತಿ ಆಡಲಾರದು. ಪಕ್ಕೆಲುಬುಗಳ ನಡುವೆ, ಕತ್ತಿನ ಬುಡದಲ್ಲಿ ಚರ್ಮ ಒಳಕ್ಕೆ ಎಳೆಯುತ್ತದೆ. ತುಟಿ, ಉಗುರು ನೀಲಿಗಟ್ಟುತ್ತವೆ. ಮಗು ಸೋತು ತೂಕಡಿಸುತ್ತದೆ. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯಬಾರದು. ಇನ್ನೊಂದು ಮಾತು ಬಹು ಮುಖ್ಯ. ಸಂಕಟಪಡುತ್ತಿರುವ ಮಗುವಿನ ಎದೆಯ ಸಿಳ್ಳು ಒಮ್ಮೆಲೇ ನಿಂತರೆ ಗುಣವಾಯಿತೆಂದು ಹಿಗ್ಗಬಾರದು. ಸಿಳ್ಳು ಹಾಕುವಷ್ಟು ಗಾಳಿಯೂ ಆಡುತ್ತಿಲ್ಲವೆಂಬ ಎಚ್ಚರಿಕೆ ಅದಾಗಿರಬಹುದು. 2008ರಲ್ಲಿ ಕರ್ನಾಟಕದಲ್ಲಿ ಆರಂಭವಾದ 108ರ ಆಂಬುಲೆನ್ಸ್ ಸೇವೆಯನ್ನು ಕರೆಯಬೇಕು. ದಾರಿಯಲ್ಲಿಯೂ ಶಮನದ ಔಷಧವನ್ನು ಕೊಡುತ್ತಲೇ ಇರಬೇಕು.

ಕೊಡಗಿನಂಥ ಬೆಟ್ಟದ ನಾಡಿನಲ್ಲಿ ಆಸ್ಪತ್ರೆಯ ದಾರಿ ಸದಾ ತೆರೆದಿರುವುದಿಲ್ಲ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ ಮೊದಲಾದ ಕಡೆ ಗುಡ್ಡಗಳು ಕುಸಿದು ರಸ್ತೆಗಳು ಕಡಿದುಹೋದವು. ಸಾವಿರಾರು ಜನ ಉಟ್ಟ ಬಟ್ಟೆಯಲ್ಲಿ ಮನೆ ಬಿಟ್ಟು ಪರಿಹಾರ ಶಿಬಿರಗಳನ್ನು ಸೇರಿದರು. ಅಂಥ ಗಳಿಗೆಯಲ್ಲಿ ಔಷಧವನ್ನು ಹುಡುಕುತ್ತ ನಿಲ್ಲಲಾದೀತೇ? ಕೊಡಗಿನ ಹಿರಿಯರು ಮಳೆಗೆ ಮುಂಚೆಯೇ ಸೌದೆ ಒಟ್ಟುತ್ತಿದ್ದರು, ಅಕ್ಕಿ, ಒಣಮೀನು, ಉಪ್ಪಿನಕಾಯಿಗಳನ್ನು ಕೂಡಿಡುತ್ತಿದ್ದರು. ಕಕ್ಕಡಕ್ಕೆ ಬೇಕಾದುದನ್ನು ಕಕ್ಕಡದಲ್ಲಿ ಹೊಂದಿಸಲಾಗದೆಂದು ಅವರು ಬಲ್ಲವರಾಗಿದ್ದರು. ಉಬ್ಬಸದ ಮಗುವಿರುವ ಮನೆ ಆ ಪಟ್ಟಿಗೆ ಎರಡು ತಿಂಗಳ ಔಷಧವನ್ನೂ, ವೈದ್ಯರ ಚೀಟಿಯನ್ನೂ ಸೇರಿಸಿಕೊಂಡರೆ ಸಾಕು. ಒಂದು ಶಮನದ ಇನ್ಹೇಲರ್ ಸದಾ ಮಗುವಿನ ಚೀಲದಲ್ಲಿರಬೇಕು.

ಕಕ್ಕಡದ ಹದಿನೆಂಟನೆಯ ದಿನ ಕೊಡಗಿನ ಮನೆಗಳಲ್ಲಿ ಮದ್ದುಸೊಪ್ಪನ್ನು ಬೇಯಿಸಿ, ಅದರ ಕಡುನೇರಳೆ ರಸದಿಂದ ಪಾಯಸ ಮಾಡಿ ಉಣ್ಣುವ ವಾಡಿಕೆಯಿದೆ. ಆ ದಿನ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಗುಣ ಕೂಡಿರುತ್ತದೆಂಬುದು ನಂಬಿಕೆ. ಇದು ಮಳೆಯ ನಡುವೆ ಮನೆಮಂದಿಯ ಆರೋಗ್ಯವನ್ನು ನೆನೆಯುವ ಸುಂದರ ಸಂಪ್ರದಾಯ, ಅದನ್ನು ಬಿಡಬೇಕಾಗಿಲ್ಲ. ಆದರೆ ಸಂಪ್ರದಾಯದ ಪಾಯಸ ಹಬ್ಬದ ಎಲೆಯಲ್ಲಿರಲಿ. ಇನ್ಹೇಲರಿನ ಜಾಗದಲ್ಲಿ ಅದನ್ನಿಡುವುದು ಬೇಡ. ಒಂದೇ ಗುಟುಕಿಗೆ, ಒಂದೇ ದಿನಕ್ಕೆ ಉಬ್ಬಸವನ್ನು ಬೇರುಸಹಿತ ಕೀಳುತ್ತೇವೆನ್ನುವವರ ಮಾತಿಗೆ ಮರುಳಾಗಿ ನಿತ್ಯದ ಔಷಧವನ್ನು ಬಿಡುವುದಂತೂ ಪ್ರಾಣಕ್ಕೇ ಅಪಾಯ. ಉಬ್ಬಸವನ್ನು ಬೇರುಸಹಿತ ಕೀಳುವ ಮದ್ದು ಇನ್ನೂ ದೊರೆತಿಲ್ಲ. ಅದನ್ನು ಹತೋಟಿಯಲ್ಲಿಡುವ ಮದ್ದು ಖಂಡಿತವಾಗಿ ಇದೆ. ದೊಡ್ಡವರಾಗುತ್ತ ಅನೇಕ ಮಕ್ಕಳಲ್ಲಿ ರೋಗ ತಾನಾಗಿಯೇ ತಗ್ಗುವುದೂ ಉಂಟು.

ಹಾಗಾದರೆ ಉಬ್ಬಸದ ಮಕ್ಕಳು ಆಟದಿಂದ ದೂರವಿರಬೇಕೇ? ಕೊಡಗು ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಎಂ.ಎಂ. ಸೋಮಯ್ಯ ಅವರಂಥ ಹಾಕಿ ಪಟುಗಳನ್ನು ದೇಶಕ್ಕೆ ನೀಡಿದ ನಾಡು. 1997ರಲ್ಲಿ ಕರಡ ಗ್ರಾಮದಲ್ಲಿ ಆರಂಭವಾದ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿ ಅಲ್ಲಿನ ಮಕ್ಕಳ ಕನಸು. ಅಂಥಲ್ಲಿ ಒಂದು ಮಗುವನ್ನು ಮೈದಾನದ ಅಂಚಿನಲ್ಲಿ ಕೂರಿಸುವುದೆಂದರೆ ಅದರ ಬಾಲ್ಯವನ್ನೇ ಕಸಿದಂತೆ. ಅಮೆರಿಕದ ಜಾಕಿ ಜಾಯ್ನರ್ ಕರ್ಸೀ ಅವರಿಗೆ ಉಬ್ಬಸವಿತ್ತು. ಓಡಬೇಡವೆಂದಾರೆಂಬ ಭಯದಿಂದ ಅವರು ಮೊದಲು ಅದನ್ನು ತರಬೇತುದಾರರಿಂದ ಬಚ್ಚಿಟ್ಟರು. ಬಚ್ಚಿಟ್ಟಷ್ಟು ಕಾಲವೂ ರೋಗ ಕಾಡಿತು. ರೋಗವನ್ನು ಒಪ್ಪಿಕೊಂಡು, ಔಷಧವನ್ನು ನಿಯಮದಿಂದ ತೆಗೆದುಕೊಳ್ಳುವುದನ್ನು ಕಲಿತರು. 1988ರ ಸೋಲ್ 올ಿಂಪಿಕ್ಸಿನಲ್ಲಿ ಎರಡು ಚಿನ್ನ ಗೆದ್ದರು. ಏಳು ಸ್ಪರ್ಧೆಗಳ ಹೆಪ್ಟಥ್ಲಾನಿನಲ್ಲಿ ಅವರು ಅಂದು ಗಳಿಸಿದ 7,291 ಅಂಕಗಳು ವಿಶ್ವದಾಖಲೆಯಾದವು.

ಉಬ್ಬಸ ಹತೋಟಿಯಲ್ಲಿರುವ ಮಗು ಆಡಬೇಕು, ಓಡಬೇಕು. ಆಟಕ್ಕೆ ಮೊದಲು ಹತ್ತು ಹದಿನೈದು ನಿಮಿಷ ಮೈಯನ್ನು ಮೆಲ್ಲಗೆ ಬೆಚ್ಚಗಾಗಿಸಿಕೊಳ್ಳಬೇಕು. ವೈದ್ಯರು ಹೇಳಿದ್ದರೆ ಆಟಕ್ಕೆ ಮುಂಚೆ ಔಷಧ ತೆಗೆದುಕೊಳ್ಳಬೇಕು. ಸಹಪಾಠಿಗಳದೂ ಒಂದು ಹೊಣೆಯಿದೆ. ಗೆಳತಿ ಚೀಲದಿಂದ ಇನ್ಹೇಲರ್ ತೆಗೆದಾಗ ನಗದಿರುವುದು, ಅವಳಿಗೆ ಉಸಿರು ಕಟ್ಟಿದಾಗ ಸುತ್ತ ಮುತ್ತದೆ ಗಾಳಿ ಬಿಡುವುದು, ಒಬ್ಬರು ಓಡಿಹೋಗಿ ಅಧ್ಯಾಪಕರನ್ನು ಕರೆತರುವುದು. ಕನ್ನಡಕ ಹಾಕಿಕೊಂಡವರನ್ನು ಕಂಡು ಯಾರೂ ನಗುವುದಿಲ್ಲ. ಕಣ್ಣಿಗೆ ಕನ್ನಡಕವಾದರೆ ಉಸಿರಿಗೆ ಇನ್ಹೇಲರ್, ಅಷ್ಟೇ.

ವರ್ಷವೊಂದು ಕಳೆಯಿತು. ಆ ಹಳ್ಳಿಯ ಮನೆಗೆ ಮತ್ತೆ ಕಕ್ಕಡ ಬಂದಿತು. ಅದೇ ಮಳೆ, ಅದೇ ಮಂಜು. ಆದರೆ ಅಡುಗೆಮನೆಯ ಮೇಲೆ ಹೊಸದೊಂದು ಹೊಗೆಕೊಳವೆ ಎದ್ದಿತ್ತು. ಒದ್ದೆ ಬಟ್ಟೆಗಳು ಮಲಗುವ ಕೋಣೆಯಿಂದ ಹಿಂದಿನ ಚಾವಡಿಗೆ ಹೋಗಿದ್ದವು. ತಂದೆ ಬೀಡಿಯನ್ನು ಬಿಟ್ಟಿದ್ದನು. ರಾತ್ರಿ ಊಟವಾದ ಮೇಲೆ ಅಜ್ಜಿ ಮೊಮ್ಮಗಳ ಹಾಸಿಗೆಯ ಬಳಿ ಬಂದು, “ಮದ್ದು ಆಯಿತೇ ಮಗಳೇ? ಬಾಯಿ ಮುಕ್ಕಳಿಸಿದೆಯಾ?” ಎಂದು ಕೇಳಿದಳು. ಹುಡುಗಿ ತಲೆಯಾಡಿಸಿ ಹೊದಿಕೆ ಎಳೆದುಕೊಂಡಳು. ನಡುರಾತ್ರಿ ತಾಯಿಗೆ ಎಚ್ಚರವಾಯಿತು. ಹಳೆಯ ಅಭ್ಯಾಸದಿಂದ ಅವಳು ಕಿವಿಗೊಟ್ಟು ಆಲಿಸಿದಳು. ಹೆಂಚಿನ ಮೇಲೆ ಮಳೆ ಸುರಿಯುತ್ತಿತ್ತು. ಮಗಳ ಉಸಿರು ಮಾತ್ರ ಕೇಳಿಸಲಿಲ್ಲ; ಅಷ್ಟು ಸರಾಗವಾಗಿ ಅದು ಆಡುತ್ತಿತ್ತು.